ಪರರ ತಟ್ಟೆ, ಪರರ ಬಟ್ಟಲು

ಯಾರೋ ಉಂಡು ಬಿಟ್ಟ ತಟ್ಟೆಯನ್ನು ಹಣ ತೆತ್ತು ಕೊಂಡು, ತೊಳೆದು, ಒರೆಸಿ, ಗಾಜಿನ ಕಪಾಟಿನಲ್ಲಿ ಕೂರಿಸಿ ಆನಂದಪಡುವ ಜನರು ಲೋಕದಲ್ಲಿ ಉಂಟೆಂದು ಹೇಳಿದ್ದರೆ ನಮ್ಮ ಅಜ್ಜಿಯರು ನಂಬುತ್ತಿರಲಿಲ್ಲ. ನನ್ನ ಮನೆಯಾಕೆಯಂತೂ ಕಣ್ಣಾರೆ ಕಂಡ ಮೇಲೂ ನಂಬಲಿಲ್ಲ. ನಾವು ಬೆಳೆದ ಮನೆಗಳಲ್ಲಿ ಪಿಂಗಾಣಿಗೆ ಅಡುಗೆಮನೆಯ ಹೊಸ್ತಿಲು ದಾಟುವ ಅಧಿಕಾರವಿದ್ದುದು ಉಪ್ಪಿನಕಾಯಿಯ ಜಾಡಿಯ ರೂಪದಲ್ಲಿ ಮಾತ್ರ. ಬಾಳೆಯ ಎಲೆ ಉಂಡೊಡನೆ ತಿಪ್ಪೆಗೆ. ಮಣ್ಣಿನ ಮಡಕೆ ಮೈಲಿಗೆಯಾದರೆ ಬೀದಿಗೆ. ಹುಣಿಸೆಹಣ್ಣು ಬೂದಿಗಳಿಂದ ಪುನರ್ಜನ್ಮ ಪಡೆಯುವ ಭಾಗ್ಯವೇನಿದ್ದರೂ ಹಿತ್ತಾಳೆ ತಾಮ್ರಗಳಿಗೆ. ಎಂಜಲೆಂಬ ಮಾತಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲವೆಂದು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಈ ಸಂಸ್ಕಾರವನ್ನು ಹೊತ್ತುಕೊಂಡೇ ಕೆಲವು ವರ್ಷಗಳ ಹಿಂದೆ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿರುವ ಮಗಳ ಮನೆಗೆ ಹೋದೆ. ಅಲ್ಲಿ ಪಕ್ಕದ ಮನೆಯ ವೃದ್ಧೆಯೊಬ್ಬರು ನನ್ನನ್ನು ಹಳೆಯ ಊಟದ ಪಾತ್ರೆಗಳ ಸಂತೆಗೆ ಕರೆದೊಯ್ದರು. ಆಕೆಗೆ ಎಂಬತ್ತು ದಾಟಿತ್ತು. ಹುಡುಕುತ್ತಿದ್ದುದು ಒಂದೇ ಒಂದು ಪಾತ್ರೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಪಿಂಗಾಣಿ ಎಂದು ನಾವು ಸಾರಾಸಗಟಾಗಿ ಕರೆಯುವ ವಸ್ತುವಿನಲ್ಲಿ ಜಾತಿಗಳುಂಟು. ಬಿಳಿಯ ಕಯೊಲಿನ್ ಮಣ್ಣನ್ನು ಅತಿ ತೀವ್ರವಾದ ಉರಿಯಲ್ಲಿ ಸುಟ್ಟು ಗಾಜಿನಂತೆ ಬಿಗಿಯಾಗಿಸಿದ್ದು ನಿಜವಾದ ಪಿಂಗಾಣಿ. ಅದರ ತೆಳುವಾದ ತಟ್ಟೆಯನ್ನು ದೀಪಕ್ಕೆ ಅಡ್ಡ ಹಿಡಿದರೆ ಹಿಂದಿನ ಬೆರಳಿನ ನೆರಳು ಮುಂದೆ ಕಾಣುತ್ತದೆ. ಅಮೆರಿಕದ ಸಾಮಾನ್ಯರ ಮನೆಗಳ ಮೇಜನ್ನು ಅಲಂಕರಿಸಿದ್ದು ಬಹುಮಟ್ಟಿಗೆ ಇದಲ್ಲ. ಅದು ಇನ್ನೂ ಕಡಮೆ ಉರಿಯಲ್ಲಿ ಬೆಂದ, ಸೂಕ್ಷ್ಮ ರಂಧ್ರಗಳುಳ್ಳ, ದಪ್ಪನಾದ ಮೆರುಗಿನ ಮಣ್ಣುಪಾತ್ರೆ. ನಮ್ಮ ಕುಂಬಾರನ ಮಡಕೆಗೆ ಕೋಟು ತೊಡಿಸಿದಂತೆ. ಇದು ಬೆಳೆದದ್ದು ಓಹಾಯೋ ನದಿಯ ದಡದಲ್ಲಿ. ಓಹಾಯೋ, ಪೆನ್ಸಿಲ್ವೇನಿಯಾ, ಪಶ್ಚಿಮ ವರ್ಜೀನಿಯಾ ಎಂಬ ಮೂರು ರಾಜ್ಯಗಳು ಕೂಡುವ ಎಡೆಯಲ್ಲಿ ಈಸ್ಟ್ ಲಿವರ್‌ಪೂಲ್ ಎಂಬ ಊರಿದೆ. 1839ರಲ್ಲಿ ಜೇಮ್ಸ್ ಬೆನೆಟ್ ಎಂಬ ಇಂಗ್ಲಿಷ್ ಕುಂಬಾರನು ಅಲ್ಲಿಯ ಜೇಡಿಮಣ್ಣನ್ನು ಕಂಡು ಆವಿಗೆ ಹೂಡಿದ. ಅವನ ಹಿಂದೆ ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನ ಕುಂಬಾರರು ಗುಂಪುಗುಂಪಾಗಿ ಬಂದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಊರು ದೇಶದ ಕುಂಬಾರಿಕೆಯ ರಾಜಧಾನಿ ಎನಿಸಿಕೊಂಡಿತ್ತು.

ಆದರೂ ಅಮೆರಿಕದ ಗೃಹಿಣಿಗೆ ಇಂಗ್ಲೆಂಡಿನ ತಟ್ಟೆಯೇ ಬೇಕು. ಪರದೇಶದ ಮಾಲಿನ ವ್ಯಾಮೋಹ ನಮ್ಮೊಬ್ಬರ ಸೊತ್ತೇನಲ್ಲ. ಹೀಗಾಗಿ ಅಲ್ಲಿಯ ಎಷ್ಟೋ ಕಾರ್ಖಾನೆಗಳು ತಮ್ಮ ತಟ್ಟೆಗಳ ಬೆನ್ನಿಗೆ ಬ್ರಿಟಿಷ್ ಲಾಂಛನವನ್ನು ಹೋಲುವ ಮುದ್ರೆಯನ್ನೇ ಒತ್ತಿ ಮಾರುತ್ತಿದ್ದುವು. ಇದಕ್ಕೆ ಉತ್ತರವೆಂಬಂತೆ ಹೋಮರ್ ಲಾಫ್ಲಿನ್ ಎಂಬಾತನ ಕಾರ್ಖಾನೆ ಬೇರೆಯೇ ಒಂದು ಮುದ್ರೆ ಮಾಡಿಸಿತು: ಅಮೆರಿಕದ ಗರುಡವು ಬ್ರಿಟನ್ನಿನ ಸಿಂಹವನ್ನು ಕೆಡವಿ ಅದರ ಮೇಲೆ ಎರಗಿರುವ ಚಿತ್ರ. ಗಂಡಭೇರುಂಡದ ನಾಡಿನವರಾದ ನಮಗೆ ಇದು ಚಿರಪರಿಚಿತವಾದ ಕಲ್ಪನೆ. ಒಂದು ರಾಷ್ಟ್ರದ ಸ್ವಾಭಿಮಾನ ತಟ್ಟೆಯ ತಳದಲ್ಲಿ, ಯಾರೂ ಉಣ್ಣುವಾಗ ನೋಡದ ಕಡೆ, ಅಡಗಿ ಕುಳಿತಿತ್ತೆಂಬುದು ನನಗೆ ಬಹಳ ಹಿಡಿಸಿತು. ಸಂಗ್ರಾಹಕನಾದವನು ಕಲಿಯುವ ಮೊದಲ ಪಾಠವೂ ಇದೇ. ತಟ್ಟೆಯನ್ನು ಕಂಡೊಡನೆ ಅವನು ಅದರ ಮುಖ ನೋಡುವುದಿಲ್ಲ. ಮಗುಚಿ ಬೆನ್ನು ನೋಡುತ್ತಾನೆ. ಶಾಸನ ಓದುವವರಂತೆ ಕನ್ನಡಕವನ್ನು ಹಣೆಗೇರಿಸಿ, ಅಕ್ಷರ ಅಂಕಿಗಳನ್ನು ಕೂಡಿಸಿ ಓದುತ್ತಾನೆ. ಲಾಫ್ಲಿನ್ ಕಾರ್ಖಾನೆಯ ಕೆಲವು ಪಾತ್ರೆಗಳ ತಳದಲ್ಲಿ ‘ಇ 44 ಆರ್ 5’ ಎಂಬಂಥ ಗೂಢಲಿಪಿಯಿರುತ್ತದೆ. ‘ಇ’ ಐದನೆಯ ಅಕ್ಷರವಾದ್ದರಿಂದ ಮೇ ತಿಂಗಳು, 44 ಎಂದರೆ 1944, ಉಳಿದದ್ದು ಐದನೆಯ ಸಂಖ್ಯೆಯ ಕಾರ್ಖಾನೆ. ನಮ್ಮ ಶಾಸನಕಾರರು ಕಾಲವನ್ನು ಇಷ್ಟು ಖಚಿತವಾಗಿ ಹೇಳಿದ್ದರೆ ಎಷ್ಟು ಪಂಡಿತಕಲಹಗಳು ತಪ್ಪುತ್ತಿದ್ದುವು!

ಈಗ ಆ ವೃದ್ಧೆಯ ಕಥೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಜನರ ಕೈಯಲ್ಲಿ ಕಾಸಿಲ್ಲದೆ ಸಿನಿಮಾ ಮಂದಿರಗಳು ಬರಿದಾದುವು. ಮಾಲೀಕರು ಒಂದು ಉಪಾಯ ಹೂಡಿದರು. ವಾರದಲ್ಲಿ ಜನ ಕಡಮೆಯಾಗುವ ಒಂದು ರಾತ್ರಿಯನ್ನು ಆರಿಸಿ, ಅಂದು ಟಿಕೆಟ್ ಕೊಂಡ ಪ್ರತಿ ಸ್ತ್ರೀಗೂ ಒಂದೊಂದು ಪಾತ್ರೆ ಉಚಿತ. ಈ ವಾರ ಬಟ್ಟಲು, ಮುಂದಿನ ವಾರ ಅದರ ಬಸಿ, ಅದರಾಚೆಯ ವಾರ ತಟ್ಟೆ. ಇದಕ್ಕೆ ‘ಡಿಶ್ ನೈಟ್’ ಎಂದು ಹೆಸರು. ಓಹಾಯೋದ ಸೇಲಂ ಚೈನಾ ಕಂಪನಿಯಂಥವು ಸಿನಿಮಾ ಮಂದಿರಗಳಿಗೆ ಗಾಡಿಗಟ್ಟಲೆ ಪಾತ್ರೆ ಒದಗಿಸಿದುವು. ಇಡೀ ಒಂದು ಜೋಡಣೆ ಕೂಡಬೇಕಾದರೆ ತಿಂಗಳುಗಟ್ಟಲೆ ತಪ್ಪದೆ ಸಿನಿಮಾ ನೋಡಬೇಕು. ಕಥೆ ಚೆನ್ನಾಗಿರಲಿ ಬಿಡಲಿ. ಕತ್ತಲೆಯಲ್ಲಿ, ಕರುಣರಸದ ಸನ್ನಿವೇಶದ ನಡುವೆ, ಯಾರದೋ ಮಡಿಲಿನಿಂದ ತಟ್ಟೆ ಜಾರಿ ಫಳಾರೆಂದು ಒಡೆಯುವುದು, ಸಭೆಯೆಲ್ಲ ಗೊಳ್ಳೆಂದು ನಗುವುದು ಅಂದಿನ ಸಿನಿಮಾದ ಹಿನ್ನೆಲೆ ಸಂಗೀತವೇ ಆಗಿತ್ತಂತೆ. ಈ ವೃದ್ಧೆಯ ತಾಯಿ ಒಂದು ಚಳಿಗಾಲವೆಲ್ಲ ಹೀಗೆ ವಾರವಾರವೂ ನಡೆದುಹೋಗಿ, ನೀಲಿ ಅಂಚಿನ ಒಂದು ಜೋಡಣೆಯನ್ನು ಕೂಡಿಸಿದಳು. ಒಂದೇ ಒಂದು ವಾರ ತಪ್ಪಿತು. ಅಂದು ಕೊಟ್ಟದ್ದು ಮಾಂಸದ ಸಾರು ಬಡಿಸುವ ದೋಣಿಯಾಕಾರದ ಪಾತ್ರೆ. “ಆ ರಾತ್ರಿ ನಮ್ಮಮ್ಮನಿಗೆ ಹೆರಿಗೆಯಾಯಿತು. ಹುಟ್ಟಿದವಳು ನಾನೇ” ಎಂದು ಆಕೆ ನನಗೆ ಹೇಳಿದರು. ಪ್ರತಿ ವರ್ಷದ ಹಬ್ಬದೂಟದಲ್ಲೂ ಮೇಜಿನ ಮೇಲೆ ಒಂದು ತೆರಪು. ತಾಯಿ ನಗುತ್ತ, “ಅಲ್ಲಿರಬೇಕಾದುದರ ಬದಲು ನೀನು ಬಂದೆ” ಎನ್ನುತ್ತಿದ್ದಳಂತೆ.

ಉಚಿತವಾಗಿ ಬಂದ ಪಾತ್ರೆಗಳು ಇವಲ್ಲದೆ ಇನ್ನೂ ಇದ್ದುವು. ಕ್ವೇಕರ್ ಓಟ್ಸ್ ಡಬ್ಬಿಯೊಳಗೆ ಬಟ್ಟಲು ಹುದುಗಿರುತ್ತಿತ್ತು. ಮನೆಬಾಗಿಲಿಗೆ ಕಾಫಿ ಚಹಾ ತಂದು ಮಾರುವ ಜ್ಯುಯೆಲ್ ಟೀ ಕಂಪನಿ ತನ್ನ ಗಿರಾಕಿಗಳಿಗೆಂದು, ಈಸ್ಟ್ ಲಿವರ್‌ಪೂಲಿನ ಹಾಲ್ ಚೈನಾ ಕಾರ್ಖಾನೆಯಿಂದ 1933ರಿಂದ ಮೊದಲ್ಗೊಂಡು ‘ಆಟಮ್ ಲೀಫ್’ ಎಂಬ ಶರದೃತುವಿನ ಎಲೆಗಳ ಚಿತ್ರದ ಪಾತ್ರೆಗಳನ್ನು ಮಾಡಿಸಿತು. ಬಡತನದ ಕಾಲದಲ್ಲಿ ಚೂರುಚೂರಾಗಿ ಕೂಡಿದ ಸೊತ್ತಾದ್ದರಿಂದಲೇ ಇವುಗಳ ಮೇಲೆ ಅಷ್ಟು ಮಮತೆ.

ಆದರೆ ಸಂಗ್ರಾಹಕರ ಕಣ್ಮಣಿಯೆಂದರೆ ‘ಫಿಯೆಸ್ಟಾ’. ಇದನ್ನು ರೂಪಿಸಿದವನು ಫ್ರೆಡರಿಕ್ ಹರ್ಟನ್ ರೀಡ್. 1880ರಲ್ಲಿ ಇಂಗ್ಲೆಂಡಿನ ಹ್ಯಾನ್ಲಿಯಲ್ಲಿ ಕುಂಬಾರಿಕೆಯ ಮನೆತನದಲ್ಲಿ ಹುಟ್ಟಿದವನು. ಹೋಮರ್ ಲಾಫ್ಲಿನ್ ಕಾರ್ಖಾನೆ ಅಷ್ಟರಲ್ಲಿ ನದಿಯ ಆಚೆಯ ದಡಕ್ಕೆ, ಪಶ್ಚಿಮ ವರ್ಜೀನಿಯಾದ ನ್ಯೂವೆಲ್ ಎಂಬ ಊರಿಗೆ, ದಾಟಿತ್ತು. 1936ರಲ್ಲಿ ಫಿಯೆಸ್ಟಾ ಮಾರುಕಟ್ಟೆಗೆ ಬಂತು. ಅದುವರೆಗೆ ಒಳ್ಳೆಯ ತಟ್ಟೆಯೆಂದರೆ ಬಿಳಿಯ ನೆಲ, ಗುಲಾಬಿಯ ಬಳ್ಳಿ, ಚಿನ್ನದ ಅಂಚು. ರೀಡ್ ಹೂವನ್ನೆಲ್ಲ ಕಿತ್ತೊಗೆದ. ಕಲ್ಲು ಬಿದ್ದ ಕೊಳದ ನೀರಿನಂತೆ ಒಂದರೊಳಗೊಂದು ಸುತ್ತುವ ಉಂಗುರಗಳು, ಇಡೀ ಪಾತ್ರೆಗೆ ಒಂದೇ ಗಾಢವಾದ ಬಣ್ಣ, ಇಷ್ಟೇ ಅಲಂಕಾರ. ಕೆಂಪು, ಕಡುನೀಲಿ, ಹಸಿರು, ಹಳದಿ, ದಂತವರ್ಣ ಎಂದು ಮೊದಲು ಐದು ಬಣ್ಣ. ಬಲುಬೇಗ ಪಚ್ಚೆನೀಲಿಯೂ ಸೇರಿತು. ಕ್ಯಾಲಿಫೋರ್ನಿಯಾದ ಬಾವರ್ ಕಾರ್ಖಾನೆ ಇಂಥ ಬಣ್ಣದ ಉಂಗುರದ ಪಾತ್ರೆಗಳನ್ನು ಇದಕ್ಕೆ ಮುಂಚೆಯೇ ಮಾಡಿತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ದೇಶದ ಮೂಲೆಮೂಲೆಯ ಅಡುಗೆಮನೆಗೆ ಅದನ್ನು ಮುಟ್ಟಿಸಿದ್ದು ಫಿಯೆಸ್ಟಾ. ನಿಜವಾದ ಕ್ರಾಂತಿ ಬಣ್ಣದಲ್ಲೂ ಇರಲಿಲ್ಲ, ಮಾರುವ ಕ್ರಮದಲ್ಲಿತ್ತು. ಇಡೀ ಜೋಡಣೆಯನ್ನೇ ಕೊಳ್ಳಬೇಕೆಂಬ ಹಟವಿಲ್ಲ. ಇಂದು ಹಳದಿಯ ತಟ್ಟೆ, ಸಂಬಳ ಬಂದಾಗ ನೀಲಿಯ ಬಟ್ಟಲು. ಹೊಂದಿಕೆಯಿಲ್ಲದಿರುವುದೇ ಹೊಂದಿಕೆ. ಬಡವನ ಮೇಜಿನ ಅನಿವಾರ್ಯತೆಯನ್ನೇ ಸೊಗಸೆಂದು ಸಾರಿದ ಜಾಣ್ಮೆ ಇದು.

ಆ ಐದು ಬಣ್ಣಗಳಲ್ಲಿ ಕೆಂಪಿನದು ಒಂದು ಬೇರೆಯೇ ಪುರಾಣ. ನಮ್ಮ ಕುಂಕುಮದ ಕೆಂಪಲ್ಲ ಅದು. ಮಾಗಿದ ಕಿತ್ತಳೆಗೂ ಊದಿದ ಕೆಂಡಕ್ಕೂ ನಡುವಿನದು. ಆ ವರ್ಣವನ್ನು ಕೊಡುತ್ತಿದ್ದುದು ಮೆರುಗಿನಲ್ಲಿ ಬೆರೆಸಿದ ಯುರೇನಿಯಂ ಆಕ್ಸೈಡ್. ಅಂದಿಗೆ ಯುರೇನಿಯಂ ಎಂದರೆ ಕುಂಬಾರನಿಗೂ ಗಾಜುಗಾರನಿಗೂ ಬೇಕಾದ ಒಂದು ಬಣ್ಣದ ಪುಡಿ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1943ರಲ್ಲಿ, ಆ ಪುಡಿ ಕಾರ್ಖಾನೆಗೆ ಸಿಗದಂತಾಯಿತು. ಸರ್ಕಾರಕ್ಕೆ ಅದು ಬೇರೊಂದು ಕೆಲಸಕ್ಕೆ ಬೇಕಾಗಿತ್ತು. ಕೆಂಪು ತಟ್ಟೆ ನಿಂತುಹೋಯಿತು. ಏಕೆಂದು ಕೊಳ್ಳುವವರಿಗೆ ತಿಳಿಯಲಿಲ್ಲ. 1945ರ ಆಗಸ್ಟ್ 6ರಂದು ಹಿರೋಷಿಮಾ ಸುಟ್ಟುಹೋದ ಮೇಲೆ ತಿಳಿಯಿತು. ಆ ಬಾಂಬಿನ ಒಡಲಿನಲ್ಲಿದ್ದ ಮೂಲಧಾತುವೇ ಅವರ ಕಪಾಟಿನ ತಟ್ಟೆಯ ಮೆರುಗಿನಲ್ಲೂ ಇತ್ತು. 1959ರಲ್ಲಿ ಕೆಂಪು ಮರಳಿ ಬಂತು. ಈ ಬಾರಿ ಅದರಲ್ಲಿದ್ದುದು ಬಾಂಬಿಗೆ ಬೇಕಾದ ಅಂಶವನ್ನು ಬಹುಪಾಲು ತೆಗೆದ, ಶೇಷವಾಗಿ ಉಳಿದ ಯುರೇನಿಯಂ. 1972ರ ಹೊತ್ತಿಗೆ ಅದೂ ನಿಂತಿತು. ಇಂದಿಗೂ ಗೀಗರ್ ಯಂತ್ರವನ್ನು ಹಳೆಯ ಕೆಂಪು ತಟ್ಟೆಯ ಬಳಿ ಹಿಡಿದರೆ ಅದು ಟಕಟಕನೆ ಮಿಡಿಯುತ್ತದೆ; ಭೌತವಿಜ್ಞಾನದ ಉಪಾಧ್ಯಾಯರು ಮಕ್ಕಳಿಗೆ ಇದನ್ನು ತೋರಿಸುವುದುಂಟು. ಕಪಾಟಿನಲ್ಲಿಟ್ಟು ನೋಡುವುದರಿಂದ ಹೆದರುವಂಥದ್ದೇನೂ ಇಲ್ಲ. ಆದರೆ ಅದರಲ್ಲಿ ಉಣ್ಣಬಾರದು, ಅದರಲ್ಲೂ ಮೆರುಗು ಚಕ್ಕೆಯೆದ್ದಿದ್ದರೆ ಮುಟ್ಟಲೇಬಾರದೆಂದು ಅಲ್ಲಿಯ ಪರಿಸರ ಇಲಾಖೆಯವರ ಎಚ್ಚರಿಕೆಯಿದೆ. ಹುಳಿಪದಾರ್ಥ ಮೆರುಗಿನ ಲೋಹಾಂಶವನ್ನು ಕರಗಿಸಿಕೊಳ್ಳುತ್ತದೆ. ಆ ಕಾಲದ ಬಹಳಷ್ಟು ಬಣ್ಣದ ಮೆರುಗುಗಳಲ್ಲಿ ಸೀಸವೂ ಇತ್ತು. ಹುಳಿಯನ್ನು ಹಿತ್ತಾಳೆಯಲ್ಲಿಡದೆ ಕಲ್ಲುಮರಿಗೆಯಲ್ಲಿಡುತ್ತಿದ್ದ ನಮ್ಮ ಹೆಂಗಸರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಫಿಯೆಸ್ಟಾ 1973ರಲ್ಲಿ ನಿಂತು, 1986ರಲ್ಲಿ ಸೀಸವಿಲ್ಲದ ಹೊಸ ಮೆರುಗಿನೊಡನೆ ಮತ್ತೆ ಹುಟ್ಟಿತು. 2020ರಲ್ಲಿ ಆ ಕಂಪನಿ ತನ್ನ ಹೋಟೆಲು ಪಾತ್ರೆಗಳ ವಿಭಾಗವನ್ನೂ ಹೋಮರ್ ಲಾಫ್ಲಿನ್ ಎಂಬ ಹೆಸರನ್ನೂ ಮಾರಿ, ತಾನು ಫಿಯೆಸ್ಟಾ ಎಂಬ ಹೆಸರಿನಲ್ಲೇ ಉಳಿಯಿತು. ಹೀಗಾಗಿ ಸಂತೆಯಲ್ಲಿ ಹಳತಾವುದು ಹೊಸತಾವುದು ಎಂದು ಗುರುತಿಸುವುದೇ ಒಂದು ವಿದ್ಯೆ. ಹಳೆಯ ತಟ್ಟೆಯ ತಳಕ್ಕೆ ಸಾಮಾನ್ಯವಾಗಿ ಪೂರ್ತಿ ಮೆರುಗು ಬಳಿದಿರುತ್ತದೆ. ಆವಿಗೆಯಲ್ಲಿ ಅದನ್ನು ಹೊತ್ತು ನಿಂತ ಮೊಳೆಗಳ ಮೂರು ಚುಕ್ಕೆಗಳು ಬೆರಳಿಗೆ ತಾಕುತ್ತವೆ. ಹೊಸತರ ಕಾಲುಂಗುರ ಬರಿಮೈ. ‘ಮೀಡಿಯಂ ಗ್ರೀನ್’ ಎಂಬ ಒಂದು ಹಸಿರು 1959ರಿಂದ 1969ರವರೆಗೆ ಮಾತ್ರ ಬಂದದ್ದು, ಅದೂ ಬೇಡಿಕೆ ತಗ್ಗಿದ ಕಾಲದಲ್ಲಿ; ಅದಕ್ಕೀಗ ಮಿಕ್ಕ ಹಸಿರುಗಳಿಗಿಲ್ಲದ ಬೆಲೆ. ಮುಚ್ಚಳವಿರುವ ಈರುಳ್ಳಿ ಸೂಪಿನ ಬಟ್ಟಲು ಪಚ್ಚೆನೀಲಿಯಲ್ಲಿ ಸಿಕ್ಕಿದರೆ ಸಂಗ್ರಾಹಕನ ನಿದ್ದೆ ಹಾರಿಹೋಗುತ್ತದೆ. ಆ ಬಣ್ಣ ಬಂದ ಸ್ವಲ್ಪ ಕಾಲಕ್ಕೇ ಆ ಬಟ್ಟಲನ್ನು ಮಾಡುವುದು ನಿಂತುಹೋಗಿತ್ತು. ಅಂದು ಯಾರೂ ಕೊಳ್ಳದ್ದಕ್ಕೇ ಇಂದು ಎಲ್ಲರೂ ಬಾಯಿಬಿಡುವುದು! ಸಾಹಿತ್ಯದಲ್ಲೂ ಹೀಗಾಗುವುದುಂಟು, ಹೆಸರು ಹೇಳುವುದಿಲ್ಲ.

ಅದೇ ನದಿಯ ದಡದ ಸ್ಟ್ಯೂಬೆನ್‌ವಿಲ್ ಎಂಬ ಊರಿನಲ್ಲಿ 1939ರಿಂದ 1959ರವರೆಗೆ ‘ಅಮೆರಿಕನ್ ಮಾಡರ್ನ್’ ಎಂಬ ಪಾತ್ರೆಗಳು ತಯಾರಾದುವು. ರೂಪಿಸಿದವನು ರಸೆಲ್ ರೈಟ್. ಅಂಚಿಲ್ಲದೆ ಮೆಲ್ಲನೆ ಬಾಗಿ ಮೇಲೇಳುವ ತಟ್ಟೆ, ಹಕ್ಕಿ ಕೊಕ್ಕೆತ್ತಿದಂತೆ ಬಾಯಿ ಚಾಚಿದ ಹೂಜಿ, ಬೂದು, ಹವಳ, ಕಡಲನೊರೆಯ ಬಣ್ಣಗಳು. ಯುದ್ಧಾನಂತರದ ದಿನಗಳಲ್ಲಿ ಇವುಗಳಿಗಾಗಿ ಅಂಗಡಿಗಳ ಮುಂದೆ ಸರತಿಯ ಸಾಲು ನಿಲ್ಲುತ್ತಿತ್ತಂತೆ. ಸೌಂದರ್ಯಕ್ಕೆ ತಕ್ಕ ಆಯುಷ್ಯ ಮಾತ್ರ ಅದಕ್ಕಿರಲಿಲ್ಲ. ಮೈ ಮೃದು, ಮಾತಿಗೆ ಮುನಿಯುವ ನೆಂಟರಂತೆ ಮುಟ್ಟಿದರೆ ಚಕ್ಕೆ. ಅಂಚು ಮುಕ್ಕಾಗದ ಪಾತ್ರೆಗಾಗಿಯೇ ಇಂದು ಇಷ್ಟು ಹುಡುಕಾಟ. ವಿನೋದವೇನೆಂದರೆ, ಯುದ್ಧಾನಂತರ ಬಂದ ಮೆಲಮೈನ್ ಪ್ಲಾಸ್ಟಿಕ್ ತಟ್ಟೆ ಮಣ್ಣಿನ ತಟ್ಟೆಯ ಕಾರ್ಖಾನೆಗಳನ್ನು ಮುಚ್ಚಿಸುವುದರಲ್ಲಿ ಕೈಹಾಕಿದಾಗ, 1953ರಲ್ಲಿ ಪ್ರಶಸ್ತಿ ಪಡೆದ ಒಂದು ಮೆಲಮೈನ್ ಜೋಡಣೆಯನ್ನು ರೂಪಿಸಿದವನೂ ಇದೇ ರೈಟ್.

ಇನ್ನೊಬ್ಬರ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಇವಾ ಜೈಸೆಲ್ 1906ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಕುಂಬಾರನ ಬಳಿ ಶಿಷ್ಯವೃತ್ತಿ ಮಾಡಿ ಕೈಕೆಸರು ಮಾಡಿಕೊಂಡು ಕಲಿತ ಹೆಣ್ಣುಮಗಳು. ಸೋವಿಯತ್ ರಷ್ಯದ ಪಿಂಗಾಣಿ ಉದ್ಯಮದಲ್ಲಿ ದೊಡ್ಡ ಪದವಿಯಲ್ಲಿದ್ದಾಗ, 1936ರಲ್ಲಿ, ಸ್ಟಾಲಿನ್ನನ ಹತ್ಯೆಯ ಸಂಚಿನಲ್ಲಿದ್ದಳೆಂಬ ಸುಳ್ಳು ಆರೋಪದ ಮೇಲೆ ಆಕೆಯನ್ನು ಬಂಧಿಸಿದರು. ಹದಿನಾರು ತಿಂಗಳ ಸೆರೆ. ಅದರಲ್ಲಿ ಬಹುಕಾಲ ಒಂಟಿ ಕೋಣೆ. ಆಕೆಯ ಗೆಳೆಯ ಆರ್ಥರ್ ಕೋಸ್ಲರ್ 1940ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯ ಸೆರೆಮನೆಯ ಚಿತ್ರಣಕ್ಕೆ ಈ ಅನುಭವವೂ ಒಂದು ಆಕರ. ಬಿಡುಗಡೆಯಾಗಿ, ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ಹೊಕ್ಕಾಗ ಅಲ್ಲಿಂದಲೂ ಓಡಿ, 1938ರಲ್ಲಿ ಅಮೆರಿಕಕ್ಕೆ ಬಂದಳು. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ ಆಕೆಯ ಪಿಂಗಾಣಿಯ ಪ್ರದರ್ಶನ ನಡೆಸಿತು. ಮಿನೆಸೋಟದ ರೆಡ್ ವಿಂಗ್ ಕಾರ್ಖಾನೆಗಾಗಿ ಆಕೆ ಮಾಡಿದ ಉಪ್ಪು ಮೆಣಸುಪುಡಿಗಳ ಎರಡು ಪುಟ್ಟ ಕುಪ್ಪಿಗಳನ್ನು ನಾನು ಸಂತೆಯಲ್ಲಿ ನೋಡಿದೆ. ದೊಡ್ಡದು ಬಾಗಿದೆ, ಚಿಕ್ಕದು ಅದರ ಮಗ್ಗುಲಿಗೆ ಒತ್ತಿ ನಿಂತಿದೆ, ಥೇಟು ತಾಯಿ ಮಗು. ಒಂಟಿ ಕೋಣೆಯಿಂದ ಹೊರಬಂದ ಕೈ ಎರಡು ಕುಪ್ಪಿಗಳನ್ನು ಕೂಡ ಬಿಡಿಬಿಡಿಯಾಗಿ ನಿಲ್ಲಿಸಲಿಲ್ಲವಲ್ಲ ಎಂದುಕೊಂಡೆ. ಆಕೆ ನೂರೈದು ವರ್ಷ ಬಾಳಿ 2011ರಲ್ಲಿ ತೀರಿಕೊಂಡಳು.

ಟೆನ್ನೆಸೀಯ ಎರ್ವಿನ್ ಎಂಬ ಬೆಟ್ಟದೂರಿನ ಕಾರ್ಖಾನೆಯಲ್ಲಿ, 1957ರಲ್ಲಿ ಅದು ಮುಚ್ಚುವವರೆಗೆ, ಸುತ್ತಮುತ್ತಲ ಹೆಂಗಸರು ಕುಳಿತು ಕೈಯಿಂದಲೇ ಹೂ ಬಿಡಿಸುತ್ತಿದ್ದ ‘ಬ್ಲೂ ರಿಜ್’ ತಟ್ಟೆಗಳಿವೆ, ಒಂದರಂತೆ ಇನ್ನೊಂದಿಲ್ಲ. ನಮ್ಮ ಅಂಗಳದ ರಂಗವಲ್ಲಿಯಂತೆ ಅವಸರವೂ ಕಾಣುತ್ತದೆ, ಆಲಸ್ಯವೂ ಕಾಣುತ್ತದೆ. ಅಂದವಾದುವೆಲ್ಲವನ್ನೂ ವರ್ಣಿಸುತ್ತ ಹೋದರೆ ಬಾನುಲಿಯವರು ಕೊಟ್ಟ ವೇಳೆ ಸಾಲದು.

ಸಂಗ್ರಾಹಕರು ಪಾತ್ರೆಯನ್ನು ಪರೀಕ್ಷಿಸುವ ಬಗೆಯನ್ನು ನೋಡಿ ನನಗೆ ಊರಿನ ಸಂತೆಯೇ ನೆನಪಾಯಿತು. ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟುತ್ತಾರೆ. ‘ಟಣ್’ ಎಂದರೆ ಮೈ ಅಖಂಡ; ‘ದಬ್’ ಎಂದರೆ ಕಣ್ಣಿಗೆ ಕಾಣದ ಬಿರುಕುಂಟು. ನಮ್ಮ ತಾಯಂದಿರು ಮಡಕೆ ಕೊಳ್ಳುತ್ತಿದ್ದುದೂ ಹೀಗೆಯೇ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆಯನ್ನು ತಟ್ಟಿದಾಗ ಶಿವನೇ ಕುಣಿದನಷ್ಟೆ. ಆ ಮಡಕೆ ಖಂಡಿತ ಬಿರುಕಿಲ್ಲದ್ದು. ಕೆಲವು ತಟ್ಟೆಗಳ ಮೆರುಗಿನೊಳಗೆ ಜೇಡರಬಲೆಯಂಥ ಗೆರೆಗಳಿರುತ್ತವೆ. ರಂಧ್ರಯುಕ್ತವಾದ ಮಣ್ಣು ವರ್ಷಾನುಗಟ್ಟಲೆ ಗಾಳಿಯ ತೇವವನ್ನು ಹೀರಿ ಕೂದಲೆಳೆಯಷ್ಟು ಉಬ್ಬುತ್ತದೆ, ಗಾಜಿನಂಥ ಮೆರುಗಿಗೆ ಉಬ್ಬಲು ಬಾರದು, ಬಿರಿಯುತ್ತದೆ. ಆ ಗೆರೆಗಳ ಮೂಲಕ ಎಣ್ಣೆ, ಚಹಾ ಒಳಗಿಳಿದು ಕಂದು ಕಲೆಯಾಗುತ್ತದೆ. ಅದನ್ನು ಬ್ಲೀಚಿಂಗ್ ದ್ರಾವಣದಲ್ಲಿ ನೆನೆಹಾಕಿ ಬೆಳ್ಳಗೆ ಮಾಡುವವರಿದ್ದಾರೆ. ಅದರಿಂದ ಮೆರುಗೇ ಕೆಡುತ್ತದೆಂದು ಬಲ್ಲವರು ಬೈಯುತ್ತಾರೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿದರೆ ಮೆರುಗಿನ ಮೇಲಿನ ಚಿನ್ನದ ಗೆರೆ ಅಳಿಸಿಹೋಗುತ್ತದೆ. ಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ, ಎರಡು ತಟ್ಟೆಗಳ ನಡುವೆ ಒಂದು ತುಂಡು ಫ್ಲಾನೆಲ್, ಇಷ್ಟೇ ಉಪಚಾರ.

ಸಂಗ್ರಹವೆಂಬುದು ಹುಚ್ಚಾಗುವುದೂ ಉಂಟು. ಚಿತ್ರಕಾರ ಆಂಡಿ ವಾರ್ಹೋಲ್ ತೀರಿಕೊಂಡ ಮೇಲೆ 1988ರಲ್ಲಿ ಅವನ ಸಾಮಾನುಗಳ ಹರಾಜು ಹತ್ತು ದಿನ ನಡೆಯಿತು. ಅಡುಗೆಮನೆಯಲ್ಲಿ ಬಿಸ್ಕತ್ತು ತುಂಬಿಡುವ ಅಗ್ಗದ ಮಣ್ಣಿನ ಜಾಡಿಗಳೇ ಸುಮಾರು ಎರಡೂವರೆ ಲಕ್ಷ ಡಾಲರಿಗೆ ಹೋದುವು. ಕೊಂಡವರು ಜಾಡಿಯನ್ನು ಕೊಂಡರೋ ವಾರ್ಹೋಲನ ಹೆಸರನ್ನು ಕೊಂಡರೋ! ಆ ಮಾರ್ಗ ನನಗೆ ರುಚಿಸದು. ನನ್ನನ್ನು ಕಾಡಿದವರು ಬೇರೆ. ಸಂತೆಯಲ್ಲಿ ಒಂದೇ ಒಂದು ಬಸಿಯನ್ನು ಕೈಯಲ್ಲಿ ಹಿಡಿದು, ಅದರ ಜೋಡಿಯನ್ನು ಅರಸುತ್ತ ಮೇಜಿನಿಂದ ಮೇಜಿಗೆ ನಡೆಯುವವರು.

ಅವರನ್ನು ನೋಡುತ್ತ ನನಗೊಂದು ಪಾಪ ನೆನಪಾಯಿತು. 1970ರ ದಶಕದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಸ್ಟೀಲು ಪಾತ್ರೆಯ ಮೋಹ ನಮ್ಮ ಬೀದಿಯನ್ನೆಲ್ಲ ಹಿಡಿಯಿತು. ಹಿತ್ತಾಳೆ ಕೊಟ್ಟು ಸ್ಟೀಲು ತರುವುದು. ಗೋಣಿಚೀಲದಲ್ಲಿ ನಮ್ಮ ಮನೆಯ ಹಿತ್ತಾಳೆಯನ್ನು ಹೊತ್ತು ಅಂಗಡಿಗೆ ಒಯ್ದವನು ನಾನೇ. ಅದರಲ್ಲಿ ಅಜ್ಜಿ ತವರಿನಿಂದ ತಂದ ಒಂದು ತಂಬಿಗೆಯಿತ್ತು. ಕಂಠದ ಸುತ್ತ ಆಕೆಯ ಹೆಸರನ್ನು ಚುಕ್ಕೆಚುಕ್ಕೆಯಾಗಿ ಕೊರೆದಿತ್ತು. ಅಂಗಡಿಯವನು ಹೆಸರನ್ನು ತೂಗಲಿಲ್ಲ, ಹಿತ್ತಾಳೆಯನ್ನಷ್ಟೇ ತೂಗಿದ. ಥಳಥಳಿಸುವ ಎರಡು ಡಬರಿಗಳನ್ನು ತಂದು ಅಜ್ಜಿಯ ಮುಂದಿಟ್ಟಾಗ ಆಕೆ ಅವನ್ನು ತಿರುಗಿಸಿ ನೋಡಿ, “ಹಗುರವಾಗಿದೆ” ಎಂದಳು. ಹೊಗಳಿಕೆಯೆಂದೇ ನಾನು ತಿಳಿದಿದ್ದೆ. ಓಹಾಯೋದ ಸಂತೆಯಲ್ಲಿ ನಿಂತಾಗ ಆ ಮಾತು ಬೇರೆಯಾಗಿ ಕೇಳಿಸಿತು.

ಉತ್ತರ ಕರೊಲಿನಾದ ಗ್ರೀನ್ಸ್‌ಬರೊದಲ್ಲಿ 1981ರಲ್ಲಿ ಸ್ಥಾಪನೆಯಾದ ರಿಪ್ಲೇಸ್‌ಮೆಂಟ್ಸ್ ಎಂಬ ಅಂಗಡಿಯಿದೆ. ಒಡೆದ ತಟ್ಟೆಗೆ ಜೋಡಿ ಕೊಡುವುದೇ ಅದರ ವ್ಯಾಪಾರ. ಕೋಟಿಯ ಲೆಕ್ಕದಲ್ಲಿ ಹಳೆಯ ಪಾತ್ರೆಗಳನ್ನು ಅಲ್ಲಿ ಕಾಪಿಟ್ಟಿದ್ದಾರೆ. ನೀಲಿ ಅಂಚಿನ ಆ ದೋಣಿಪಾತ್ರೆಯನ್ನು ಅಲ್ಲಿ ವಿಚಾರಿಸಬಾರದೇಕೆ ಎಂದು ನನ್ನ ಮಗಳು ವೃದ್ಧೆಯನ್ನು ಕೇಳಿದಳು. ಆಕೆ ತಲೆಯಾಡಿಸಿದರು: “ಅಮ್ಮ ಅದಕ್ಕಾಗಿ ನಡೆದುಹೋಗುತ್ತಿದ್ದಳು. ನಾನೂ ನಡೆದೇ ತರಬೇಕು.”

ಆ ವರ್ಷ ಅದು ಸಿಕ್ಕಲಿಲ್ಲ. ನಾವು ಭಾರತಕ್ಕೆ ಹಿಂದಿರುಗುವಾಗ ಆಕೆ ನನ್ನ ಹೆಂಡತಿಗೆ ಹಳದಿಯ ಒಂದು ಪುಟ್ಟ ಹೂಜಿಯನ್ನು ಕೊಟ್ಟರು. ಬಹಳ ಸಂಕೋಚದಿಂದ ತೆಗೆದುಕೊಂಡ ನನ್ನವಳು ಅದನ್ನು ಅಡುಗೆಮನೆಗೆ ಸೇರಿಸದಿದ್ದರೂ ತುಳಸಿಯ ಕಟ್ಟೆಯವರೆಗೆ ಬಡ್ತಿ ಕೊಟ್ಟಿದ್ದಾಳೆ. ಗಿಡಕ್ಕೆ ನೀರೆರೆಯುವುದು ಅದರಿಂದಲೇ. ಮರುವರ್ಷದ ನವೆಂಬರಿನಲ್ಲಿ ಮಗಳು ಫೋನು ಮಾಡಿದಳು. ದೋಣಿಪಾತ್ರೆ ಒಂದು ಹಳ್ಳಿಯ ಸಂತೆಯಲ್ಲಿ ಸಿಕ್ಕಿತಂತೆ. ಆಕೆ ಗೆಣ್ಣಿನಿಂದ ತಟ್ಟಿದರಂತೆ, ‘ದಬ್’ ಎಂದಿತಂತೆ. ಆದರೂ ಕೊಂಡರಂತೆ. ಹಬ್ಬದೂಟಕ್ಕೆ ನೀಲಿ ಅಂಚಿನ ಜೋಡಣೆಯೆಲ್ಲ ಮೇಜಿಗೆ ಬಂದು, ತೆರಪಿದ್ದ ಕಡೆ ಅದು ಕುಳಿತಿತು. ಸಾರು ಮಾತ್ರ ಸೋರೀತೆಂಬ ಭಯಕ್ಕೆ ಅದರಲ್ಲಿರಲಿಲ್ಲ. ಪಕ್ಕದಲ್ಲಿ, ಮಗಳು ಮೈಸೂರಿನಿಂದ ಒಯ್ದಿದ್ದ ಸ್ಟೀಲು ಡಬರಿಯಲ್ಲಿತ್ತಂತೆ.